ಕುದುರೆ ಮಾತಾಡಿದ ಮಂಗಳವಾರ

ಬಾರ್ಲೋ ಎಂಬ ಕುದುರೆ ಮಾತಾಡಬಾರದು. ಇದು ಮಕ್ಕಳ ಟೆಲಿವಿಷನ್ ಆಟದ ಕತೆ, ಚಿತ್ರ ಎರಡನ್ನೂ ಬರೆಯುತ್ತಿದ್ದ ಮಿಸ್ಟರ್ ಗಾರ್ಸೈಡ್ ಮಾಡಿದ್ದ ಮೊದಲ ಕಟ್ಟಳೆ. ಬೇರೆ ಕಟ್ಟಳೆಗಳೂ ಇದ್ದವು. ಮೇಜಿನ ಹತ್ತಿರ ಬಿಸ್ಕತ್ತು ತಿನ್ನಬಾರದು, ಬೆರಳಿಗೆ ಉಂಗುರ ಹಾಕಿಕೊಳ್ಳಬಾರದು, ಪ್ರಸಾರ ನಡೆಯುವ ಐದು ನಿಮಿಷ ಯಾರೂ ಕೆಮ್ಮಬಾರದು. ಅವನ್ನೆಲ್ಲ ಒಬ್ಬರಲ್ಲ ಒಬ್ಬರು ಆಗೀಗ ಮುರಿಯುತ್ತಿದ್ದರು. ಕುದುರೆಯ ಕಟ್ಟಳೆಯನ್ನು ಮಾತ್ರ ಮೂವತ್ತು ವಾರಗಳಲ್ಲಿ ಯಾರೂ ಮುರಿದಿರಲಿಲ್ಲ.

ಬಾರ್ಲೋ ರಟ್ಟಿನ ಕುದುರೆ. ಲಂಡನ್ನಿನ ಬೀದಿಯೊಂದರಲ್ಲಿ ಅದು ಹಾಲಿನ ಗಾಡಿ ಎಳೆಯುತ್ತಿತ್ತು. ಗಾಡಿಯ ಮೇಲೆ ಸದಾ ತೂಕಡಿಸುವ ಹಾಲಿನವನು, ಮಿಸ್ಟರ್ ಮಫ್ಲಿ. ಯಾರ ಮನೆಗೆ ಎಷ್ಟು ಬಾಟಲಿ, ಯಾವ ಬಾಗಿಲ ಮುಂದೆ ನಿಲ್ಲಬೇಕು, ಯಾವ ಮನೆಯ ನಾಯಿ ಕಚ್ಚುತ್ತದೆ, ಇದೆಲ್ಲ ಗೊತ್ತಿದ್ದದ್ದು ಕುದುರೆಗೆ. ಮಾತೆಲ್ಲ ಮಫ್ಲಿಯದು. ಪ್ರತಿ ಮಂಗಳವಾರ ಸಂಜೆ ಐದಕ್ಕೆ, ಮಕ್ಕಳು ಶಾಲೆಯಿಂದ ಬಂದು ಬ್ರೆಡ್ಡು-ಜಾಮು ಹಿಡಿದು ಕೂತಿರುವ ಹೊತ್ತಿಗೆ, ಈ ಗಾಡಿ ಟೆಲಿವಿಷನ್ನಿನ ತೆರೆಯ ಮೇಲೆ ಬಲದಿಂದ ಎಡಕ್ಕೆ ಹೋಗುತ್ತಿತ್ತು.

ಆ ಐವತ್ತೇಳನೆಯ ಇಸವಿಯಲ್ಲಿ ಅದನ್ನು ಫಿಲ್ಮಿನ ಮೇಲೆ ತೆಗೆಯುತ್ತಿರಲಿಲ್ಲ. ನಡೆಯುವುದೆಲ್ಲ ಆ ಹೊತ್ತಿಗೇ ನಡೆಯುತ್ತಿತ್ತು. ದಪ್ಪ ರಟ್ಟಿನ ಮೇಲೆ ಚಿತ್ರ; ಕುದುರೆಯ ಕಾಲು, ಮಫ್ಲಿಯ ಬಾಯಿ, ಗಾಡಿ, ಹೀಗೆ ಅಲುಗಾಡಬೇಕಾದ ಭಾಗಗಳನ್ನು ಬೇರೆಯಾಗಿ ಕತ್ತರಿಸಿ, ಹಿಂದಿನಿಂದ ಉದ್ದನೆಯ ರಟ್ಟಿನ ಪಟ್ಟಿಗಳಿಗೆ ಅಂಟಿಸಿರುತ್ತಿದ್ದರು. ಪಟ್ಟಿಗಳ ತುದಿ ಚಿತ್ರದ ಎರಡು ಪಕ್ಕಕ್ಕೂ ಚಾಚಿಕೊಂಡಿರುತ್ತಿತ್ತು. ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂತು, ಮಾತಿಗೆ ಸರಿಯಾಗಿ ಅದನ್ನು ಎಳೆದು ಬಿಡಬೇಕು. ಯಾವ ಪಟ್ಟಿ ಯಾವುದೆಂದು ತಿಳಿಯಲು ತುದಿಗೆ ಉಣ್ಣೆಯ ದಾರ ಕಟ್ಟುತ್ತಿದ್ದರು. ಮಫ್ಲಿಯ ಬಾಯಿಗೆ ನೀಲಿ. ಕುದುರೆ ಕ್ಯಾರೆಟ್ ಜಗಿಯುವ ದವಡೆಗೆ ಕಂದು.

ಬಲಗಡೆ ಕೂರುತ್ತಿದ್ದವಳು ಐವಿ ಸ್ಟಾಲರ್ಡ್. ಮೂವತ್ತನಾಲ್ಕು ವರ್ಷ, ಲಂಡನ್ನಿನ ಆಕ್ಟನ್ನಿನಲ್ಲಿ ಮನೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಗಂಡ ಹೊರೇಸ್, ಏಳು ವರ್ಷದ ಮಗಳು ಪೌಲಿನ್. ಮೊದಲು ಅವಳು ಒಂದು ಅಂಗಡಿಯ ಹಿಂಭಾಗದಲ್ಲಿ ಹೆಂಗಸರ ಕಾಲುಚೀಲಗಳ ಎಳೆ ಹೋದದ್ದನ್ನು ಕಾಣದಂತೆ ರಿಪೇರಿ ಮಾಡುತ್ತಿದ್ದಳು. ಬೆರಳುಗಳು ಹಾಗೆ ಪಳಗಿದ್ದವೆಂದೇ ಗಾರ್ಸೈಡ್ ಅವಳನ್ನು ತೆಗೆದುಕೊಂಡದ್ದು. ಸೋಮವಾರ ತಾಲೀಮು, ಮಂಗಳವಾರ ಪ್ರಸಾರ. ಉಳಿದ ದಿನ ಮನೆಗೆಲಸ. ಆ ಎರಡು ದಿನಕ್ಕಾಗಿ ಅವಳು ಉಳಿದ ಐದು ದಿನ ಬೇಗ ಬೇಗ ಪಾತ್ರೆ ತೊಳೆಯುತ್ತಿದ್ದಳು.

ಎಡಗಡೆ ಮಿಸ್ ಒಲಿವ್ ಹೆಬ್. ಅರವತ್ತೊಂದು ವರ್ಷ, ಮದುವೆಯಿಲ್ಲ. ಸಮುದ್ರತೀರದ ಊರುಗಳಲ್ಲಿ ಗೊಂಬೆಯಾಟ ಆಡಿಸಿಕೊಂಡು ಜೀವನ ಮಾಡಿದವರು. ಪಟ್ಟಿಗೆ ಟಾಲ್ಕಂ ಪೌಡರು ಸವರಿದರೆ ಸಿಕ್ಕಿಕೊಳ್ಳುವುದಿಲ್ಲ, ಉಸಿರು ಬಿಡುವಾಗ ಎಳೆಯಬೇಕು, ಕಣ್ಣು ಪಟ್ಟಿಯ ಮೇಲಿರಬಾರದು, ಕಿವಿಯಿಂದಲೇ ಎಳೆಯಬೇಕು, ಇವನ್ನೆಲ್ಲ ಐವಿಗೆ ಕಲಿಸಿಕೊಟ್ಟವರು ಅವರೇ. ಚಳಿಗಾಲ ಶುರುವಾದ ಮೇಲೆ ಅವರ ಕೈ ನಡುಗತೊಡಗಿತ್ತು. ಟೀ ಬಟ್ಟಲು ತಟ್ಟೆಗೆ ತಾಗಿ ಸದ್ದಾಗುತ್ತದೆಂದು ಅವರು ತಟ್ಟೆಯಿಲ್ಲದೆ ಕುಡಿಯುವುದನ್ನು ಐವಿ ಗಮನಿಸಿದ್ದಳು. ಗಾರ್ಸೈಡರೂ ಗಮನಿಸಿದ್ದರು. ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು, ಮಿಸ್ ಹೆಬ್ ಬಹಳ ಒಳ್ಳೆಯವರು, ಆದರೆ ತೆರೆಯ ಮೇಲೆ ಒಂದು ತಪ್ಪು ಕಂಡರೂ ನಾನು ಬೇರೆಯವರನ್ನು ನೋಡಬೇಕಾಗುತ್ತದೆ, ನಿಮ್ಮ ಗುರುತಿನವರು ಯಾರಾದರೂ ಇದ್ದರೆ ಹೇಳಿ ಎಂದಿದ್ದರು. ಐವಿ ಯಾರೂ ಇಲ್ಲ ಎಂದಿದ್ದಳು.

ಆ ಮಂಗಳವಾರದ ಕತೆಯ ಕೊನೆಗೆ ಗಾಡಿ ಮನೆಗೆ ಹಿಂತಿರುಗುವ ಚಿತ್ರವೊಂದಿತ್ತು. ಅದುವರೆಗೆ ಗಾಡಿ ಹಿಂತಿರುಗುವುದನ್ನು ತೋರಿಸಿರಲೇ ಇಲ್ಲ. ಯಾವಾಗಲೂ ಎಡಕ್ಕೆ ಹೋಗುವ ಗಾಡಿಯಾದ್ದರಿಂದ ಕುದುರೆ ಎಡಗಡೆ, ಮಿಸ್ ಹೆಬ್ ಕೈಯಲ್ಲಿ. ಗಾಡಿಯೂ ಹಾಲಿನವನೂ ಬಲಗಡೆ, ಐವಿಯ ಕೈಯಲ್ಲಿ. ಈ ಒಂದು ಚಿತ್ರದಲ್ಲಿ ಮಾತ್ರ ಗಾಡಿ ತಿರುಗಿತ್ತು. ಕುದುರೆಯ ಕಂದು ದಾರ ಐವಿಯ ಕಡೆಗೆ ಬಂತು, ಮಫ್ಲಿಯ ನೀಲಿ ದಾರ ಮಿಸ್ ಹೆಬ್ ಕಡೆಗೆ ಹೋಯಿತು. ಸೋಮವಾರ ಎರಡು ಸಲ ತಾಲೀಮು ಮಾಡಿದ್ದರು. ಎರಡು ಸಲವೂ ಸರಿಯಾಗಿತ್ತು.

ಪ್ರಸಾರದಲ್ಲಿ ಕೊನೆಯ ಚಿತ್ರ ಬಂದಾಗ ಐವಿ ಕಂದು ದಾರದ ಪಟ್ಟಿಯನ್ನು ಬೆರಳುಗಳ ನಡುವೆ ಸುಮ್ಮನೆ ಹಿಡಿದಿದ್ದಳು. ಕುದುರೆಗೆ ಅಲ್ಲಿ ಜಗಿಯುವ ಕೆಲಸವಿರಲಿಲ್ಲ. ಮೂಲೆಯ ಮೈಕಿನ ಮುಂದೆ ನಿಂತು ಎಲ್ಲ ದನಿಗಳನ್ನೂ ತಾವೇ ಆಡುತ್ತಿದ್ದ ಗಾರ್ಸೈಡ್, ಮಫ್ಲಿಯ ನಿದ್ದೆಗಣ್ಣಿನ ದನಿಯಲ್ಲಿ ಶುರುಮಾಡಿದರು: "ಉಸ್ಸಪ್ಪಾ, ಇವತ್ತು ಕಾಲು ಸೋತೇ ಹೋಯ್ತು. ಮನೆ ಇನ್ನೂ ಎಷ್ಟು ದೂರ ಇದೆಯೋ."

ಆ ದನಿ ಕೇಳಿದ್ದೇ ತಡ ಐವಿಯ ಕೈ ತಾನೇ ಎಳೆಯಿತು. ಮೂವತ್ತು ವಾರ ಆ ದನಿಗೆ ಎಳೆದ ಕೈ ಅದು. ಉಸ್ಸಪ್ಪಾ ಎಂಬಲ್ಲಿ ಒಮ್ಮೆ, ಸೋತೇ ಹೋಯ್ತು ಎಂಬಲ್ಲಿ ಎರಡು ಸಲ, ಕೊನೆಗೆ ನಿಧಾನವಾಗಿ ಒಮ್ಮೆ. ಮಾತು ಮುಗಿದ ಮೇಲೆ ಅವಳು ತನ್ನ ಬೆರಳಿನತ್ತ ನೋಡಿದಳು. ಕಂದು ದಾರ. ಪ್ರಸಾರವನ್ನು ತೋರಿಸುವ ಸ್ಟುಡಿಯೋದ ಚಿಕ್ಕ ತೆರೆಯ ಮೇಲೆ ಮಫ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಮಾತಾಡಿದ್ದು ಕುದುರೆ.

ಪ್ರಸಾರ ನಡೆಯುತ್ತಿದೆಯೆಂದು ತೋರಿಸುವ ಕೆಂಪು ದೀಪ ಆರಿತು. ಆಮೇಲೆ ಗಾರ್ಸೈಡ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಮೇಜಿನ ಹತ್ತಿರ ಬಂದರು. ಕುದುರೆಯೆಂದರೆ ಎಡಗಡೆ, ಎಡಗಡೆಯೆಂದರೆ ಮಿಸ್ ಹೆಬ್. ಅವರ ತಲೆಯಲ್ಲೂ ಅದೇ ಮೂವತ್ತು ವಾರದ ರೂಢಿ ಕೂತಿತ್ತು.

"ಮಿಸ್ ಹೆಬ್," ಎಂದರು ಮೆಲ್ಲಗೆ, "ಬಾರ್ಲೋ ಮಾತಾಡೋದಿಲ್ಲ ಅಂತ ನಿಮಗೆ ಎಷ್ಟು ಸಲ ಹೇಳಿದ್ದೀನಿ?"

ಮಿಸ್ ಹೆಬ್ ಪಟ್ಟಿಗಳಿಂದ ಉಣ್ಣೆಯ ದಾರಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದರು. ಐವಿಗೆ ಈ ಕ್ಷಣ ಹೇಳಬೇಕು ಅನ್ನಿಸಿತು. ಮರುಕ್ಷಣ, ಹೇಳಿದರೆ ನಾಳೆಯಿಂದ ಮತ್ತೆ ಕಾಲುಚೀಲದ ಅಂಗಡಿ ಅನ್ನಿಸಿತು. ಅಷ್ಟರಲ್ಲಿ ಗಾರ್ಸೈಡ್ ಟೆಲಿಫೋನಿಗೆ ಹೋಗಿಯಾಗಿತ್ತು.

ಮನೆಗೆ ಬಂದಾಗ ಪೌಲಿನ್ ಬಾಗಿಲಲ್ಲೇ ಕಾಯುತ್ತಿದ್ದಳು. ಪಕ್ಕದ ಮನೆಯ ಟೆಲಿವಿಷನ್ನಿನಲ್ಲಿ ನೋಡಿ ಬಂದಿದ್ದಳು. "ಅಮ್ಮಾ, ಬಾರ್ಲೋ ಮಾತಾಡ್ತು. ಅದಕ್ಕೆ ಕಾಲು ನೋವಂತೆ. ಪಾಪ, ಮಫ್ಲಿ ಕೂತಿರ್ತಾನೆ, ಅದೊಂದೇ ನಡಿಯೋದು." ಐವಿ ಕೋಟು ಬಿಚ್ಚಿ ಆಲೂಗಡ್ಡೆ ಸಿಪ್ಪೆ ತೆಗೆಯಲು ಕೂತಳು. ಮಗಳು ಎದುರಿಗೆ ಕೂತು, ಅದು ಇಷ್ಟು ದಿನ ಯಾಕೆ ಸುಮ್ಮನಿತ್ತು, ಮಫ್ಲಿಗೆ ಕೇಳಿಸಿತೋ ಇಲ್ಲವೋ, ಮುಂದಿನ ವಾರ ಏನು ಹೇಳುತ್ತದೆ ಎಂದು ಕೇಳುತ್ತಲೇ ಇದ್ದಳು. ಐವಿ ಒಂದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ನಾಲ್ಕು ಜನಕ್ಕಾಗುವಷ್ಟು ಆಲೂಗಡ್ಡೆ ಸುಲಿದದ್ದನ್ನು ಹೊರೇಸ್ ಬಂದು ತೋರಿಸಿದ ಮೇಲೇ ಅವಳಿಗೆ ಗೊತ್ತಾದದ್ದು.

ಶುಕ್ರವಾರ ಗಾರ್ಸೈಡರ ಕಾಗದ ಬಂತು. ತಿಂಗಳ ಕೊನೆಗೆ ಮಿಸ್ ಹೆಬ್ ಕೆಲಸ ಬಿಡುತ್ತಾರೆ, ಅವರ ಜಾಗಕ್ಕೆ ಬರುವ ಹುಡುಗಿಗೆ ನೀವೇ ಕಲಿಸಿಕೊಡಬೇಕು ಎಂದು ಎರಡೇ ಸಾಲು. ಐವಿ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಟ್ಟೆ ಒಗೆದಳು, ಹಿಂಡಿದಳು, ಹಿತ್ತಿಲಲ್ಲಿ ಹರವಿದಳು. ಊಟವಾದ ಮೇಲೆ ಗಂಡನಿಗೆ ಎಲ್ಲ ಹೇಳಿದಳು.

ಹೊರೇಸ್ ಪೂರ್ತಿ ಕೇಳಿಸಿಕೊಂಡ. ಅವನು ಮಾತಿಗೆ ಆತುರಪಡುವವನಲ್ಲ. "ಆ ಹೆಂಗಸಿಗೆ ಗೊತ್ತಿಲ್ವಾ, ತಾನು ಎಳೀಲಿಲ್ಲ ಅಂತ?" ಎಂದ.

ಐವಿ ಅದನ್ನು ಯೋಚಿಸಿಯೇ ಇರಲಿಲ್ಲ.

"ಗೊತ್ತಿದ್ದೂ ಸುಮ್ಮನಿದ್ದಾರೆ ಅಂದ್ರೆ, ನೀನೇ ಹೇಳಲಿ ಅಂತ ಕಾಯ್ತಿದ್ದಾರೆ. ಹೋಗಿ ಹೇಳಿಬಿಡು. ಕಾಲುಚೀಲ ಎಲ್ಲೂ ಓಡಿಹೋಗಲ್ಲ."

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಅವಳು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಹೇಳಿಕೊಂಡಳು. ಮಿಸ್ಟರ್ ಗಾರ್ಸೈಡ್, ಅದು ನನ್ನ ತಪ್ಪು. ಅಷ್ಟೇ ತಾನೆ. ತಾಲೀಮಿನ ಕೋಣೆಯ ಬಾಗಿಲು ತೆಗೆದರೆ ಮೇಜಿನ ಮೇಲೆ ರಟ್ಟೂ ಇಲ್ಲ, ಬಣ್ಣವೂ ಇಲ್ಲ, ಬರೀ ಕಾಗದಗಳು. ಒಂದು ಮೂಟೆ ಕಾಗದ. ನೋಟುಬುಕ್ಕಿನಿಂದ ಹರಿದ ಹಾಳೆಗಳು, ಕ್ರಯಾನಿನಲ್ಲಿ ಬರೆದ ಕುದುರೆಗಳು, ಅಮ್ಮಂದಿರು ಬರೆದುಕೊಟ್ಟು ಮಕ್ಕಳು ಸಹಿ ಹಾಕಿದ ಸಾಲುಗಳು. ಲೀಡ್ಸಿನ ಹುಡುಗಿಯೊಬ್ಬಳು ಕುದುರೆಯ ಕಾಲಿಗೆ ಹಚ್ಚಲು ಮುಲಾಮಿನ ಡಬ್ಬಿಯನ್ನೇ ಕಳಿಸಿದ್ದಳು. ಗಾರ್ಸೈಡ್ ತೋಳು ಮಡಚಿಕೊಂಡು ನಿಂತಿದ್ದರು. ಮುಖದಲ್ಲಿ ಅವಳು ಎಂದೂ ಕಾಣದ ಕಳೆ. ಟೆಲಿವಿಷನ್ ಕೇಂದ್ರದವರು ಬೆಳಗ್ಗೆಯೇ ಟೆಲಿಫೋನ್ ಮಾಡಿ, ಕುದುರೆ ಇನ್ನು ಪ್ರತಿವಾರ ಮಾತಾಡಲಿ ಎಂದಿದ್ದರಂತೆ. ತಮ್ಮ ಕಟ್ಟಳೆ ದಡ್ಡತನದ್ದೆಂದು ಅವರೇ ಒಪ್ಪಿಕೊಂಡರು. ಮಿಸ್ ಹೆಬ್‌ಗೆ ಕೆಲಸ ಬಿಡಿ ಎಂದು ಬರೆದ ಕಾಗದವನ್ನು ವಾಪಸು ಪಡೆದದ್ದಾಯಿತು ಎಂದರು. ಅಂಥ ಕೈಚಳಕ ಇರುವವರನ್ನು ಬಿಡುವುದುಂಟೇ, ಕುದುರೆಯ ಬಾಯಿ ಇನ್ನು ಅವರದೇ, ಎಂದರು.

ಮಿಸ್ ಹೆಬ್ ಕಿಟಕಿಯ ಪಕ್ಕ ಕೂತು ತಟ್ಟೆಯಿಲ್ಲದ ಬಟ್ಟಲಿನಲ್ಲಿ ಟೀ ಕುಡಿಯುತ್ತಿದ್ದರು.

ಐವಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. ಮಂಗಳವಾರ ಹೇಳಿದ್ದರೆ ಅದು ತಪ್ಪೊಪ್ಪಿಗೆ ಆಗುತ್ತಿತ್ತು. ಈಗ ಹೇಳಿದರೆ ಮುದುಕಿಯ ಕೈಯಿಂದ ಬಹುಮಾನ ಕಿತ್ತುಕೊಂಡ ಹಾಗೆ. ಅದಕ್ಕಿಂತ ಹೆಚ್ಚಾಗಿ, ಈಗ ಹೇಳಿದರೆ ಮಿಸ್ ಹೆಬ್ ಕೂತ ಕುರ್ಚಿ ಮತ್ತೆ ಹೋಗುತ್ತದೆ. ಮೊದಲು ಸುಮ್ಮನಿದ್ದು ಅವರ ಜಾಗ ಕಳೆದಿದ್ದಳು. ಇನ್ನು ಬಾಯಿ ಬಿಟ್ಟರೂ ಕಳೆಯುವಂತಾಗಿತ್ತು.

ಗಾರ್ಸೈಡ್ ಬಣ್ಣ ತರಲು ಹೊರಗೆ ಹೋದಾಗ ಅವಳು ಕಿಟಕಿಯ ಹತ್ತಿರ ಹೋದಳು. "ಮಿಸ್ ಹೆಬ್, ಹೋದ ವಾರ..."

"ಟೀ ಆರ್ತಿದೆ ಕಣೆ, ಮೊದಲು ಕುಡಿ," ಎಂದು ಅವರು ಬಟ್ಟಲು ಮುಂದೆ ತಳ್ಳಿದರು. ಆ ದಿನ ಅದಕ್ಕಿಂತ ಹೆಚ್ಚು ಮಾತಿಗೆ ಅವರು ಎಡೆಗೊಡಲಿಲ್ಲ. ಹೊಸ ರಟ್ಟುಗಳ ಬಣ್ಣ ಒಣಗಿರಲಿಲ್ಲವಾಗಿ ತಾಲೀಮನ್ನು ಮರುದಿನಕ್ಕೆ ಹಾಕಿದರು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ತಾಲೀಮು. ಗಾಡಿ ಎಂದಿನಂತೆ ಎಡಕ್ಕೆ ಮುಖ ಮಾಡಿತ್ತು, ಕುದುರೆ ಮಿಸ್ ಹೆಬ್ ಕಡೆಗಿತ್ತು. ಗಾರ್ಸೈಡ್ ಕುದುರೆಗೆಂದು ತಗ್ಗಿನ, ಸ್ವಲ್ಪ ಮೂಗಿನಲ್ಲಿ ಬರುವ ದನಿಯೊಂದನ್ನು ಹುಡುಕಿಕೊಂಡು ಬಂದಿದ್ದರು. ಮೊದಲ ಸಲ ದವಡೆ ಮಾತಿಗಿಂತ ಹಿಂದುಳಿಯಿತು. ಎರಡನೆಯ ಸಲ ಮಾತು ಮುಗಿದ ಮೇಲೂ ದವಡೆ ಅದುರುತ್ತಲೇ ಇತ್ತು. ಮೂರನೆಯ ಸಲ ಪಟ್ಟಿಯೇ ಕೈಜಾರಿತು.

"ಹೋದ ವಾರ ಮಾಡಿದ ಹಾಗೆ ಮಾಡಿ, ಮಿಸ್ ಹೆಬ್. ಹೊಸದೇನೂ ಬೇಡ." ಗಾರ್ಸೈಡರ ದನಿಯಲ್ಲಿ ತಾಳ್ಮೆ ಇತ್ತು, ತೆಳ್ಳಗಿತ್ತು.

ಮಿಸ್ ಹೆಬ್ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡರು. ಮತ್ತೆ ಪಟ್ಟಿಗೆ ಪೌಡರು ಸವರಲು ಹೋದರು. ಪೌಡರು ಪಟ್ಟಿಗಿಂತ ಹೆಚ್ಚಾಗಿ ಲಂಗದ ಮೇಲೆ ಬಿತ್ತು. ಪೌಲಿನ್ ಮೊದಲ ಸಲ ಸೂಜಿಗೆ ದಾರ ಪೋಣಿಸಲು ಹೋದಾಗ, ಎಲ್ಲರೂ ನೋಡುತ್ತಿದ್ದಾರೆಂದೇ ಆಗದೆ ಹೋದದ್ದು ಐವಿಯ ಕಣ್ಣಿಗೆ ಕಟ್ಟಿದಂತಾಯಿತು. ಆಗ ಅವಳು ಮಗಳ ಕೈಯಿಂದ ಸೂಜಿ ತೆಗೆದುಕೊಂಡಿದ್ದಳು. ಇಲ್ಲಿ ಹಾಗೆ ತೆಗೆದುಕೊಳ್ಳುವಂತಿರಲಿಲ್ಲ.

"ಮಿಸ್ಟರ್ ಗಾರ್ಸೈಡ್," ಎಂದಳು. "ಹೋದ ವಾರ ಎಳೆದದ್ದು ನಾನು."

ಅವರಿಗೆ ಅರ್ಥವಾಗಲಿಲ್ಲ.

"ಮನೆಗೆ ಹೋಗೋ ಚಿತ್ರದಲ್ಲಿ ಗಾಡಿ ತಿರುಗಿತ್ತು. ಕುದುರೆ ನನ್ನ ಕಡೆ ಇತ್ತು. ಮಫ್ಲಿ ದನಿ ಕೇಳ್ತು, ಕೈ ಎಳೀತು. ಅವತ್ತೇ ಹೇಳಬೇಕಿತ್ತು. ಹೆದರಿಕೊಂಡೆ. ಬೇಕಾದ್ರೆ ಆ ರಟ್ಟು ತೆಗೆದು ನೋಡಿ."

ಗಾರ್ಸೈಡ್ ಹಳೆಯ ರಟ್ಟುಗಳ ಪೆಟ್ಟಿಗೆ ತೆರೆದು, ಕೊನೆಯದನ್ನು ಹುಡುಕಿ ಬೆಳಕಿಗೆ ಹಿಡಿದರು. ತಾವೇ ಬರೆದ ಚಿತ್ರ. ದವಡೆಯ ಪಟ್ಟಿ ಬಲಕ್ಕೆ ಚಾಚಿತ್ತು. ಅದನ್ನು ಒಮ್ಮೆ ಎಳೆದು ನೋಡಿದರು; ಕುದುರೆ ಬಾಯಿ ತೆರೆದು ಮುಚ್ಚಿತು. ಅವರ ಕಿವಿ ಕೆಂಪಾಯಿತು.

"ಮಿಸ್ ಹೆಬ್, ನೀವ್ಯಾಕೆ ಹೇಳಲಿಲ್ಲ?"

"ಮಾಡದೆ ಇರೋ ತಪ್ಪಿಗೆ ಬೈಸಿಕೊಂಡೆ, ಮಾಡದೆ ಇರೋ ಕೆಲಸಕ್ಕೆ ಹೊಗಳಿಸಿಕೊಂಡೆ," ಎಂದರು ಮಿಸ್ ಹೆಬ್, ಲಂಗದ ಮೇಲಿನ ಪೌಡರು ಕೊಡವುತ್ತ. "ಎರಡೂ ಸಮ ಆಯ್ತು ಅಂತ ಸುಮ್ಮನಿದ್ದೆ."

ಆಮೇಲೆ ಐವಿಯ ಕಡೆ ತಿರುಗಿದರು. "ಆದ್ರೆ ಒಂದು ಕೇಳು ಮಗಳೇ. ಆ ಮಾತು ಬಂದಾಗ ನೀಲಿ ದಾರ ನನ್ನ ಕೈಲಿತ್ತು. ಎಳೀಬೇಕಾದ ಸರದಿ ನಂದು. ನಾನು ಯಾಕೆ ಎಳೀಲಿಲ್ಲ ಅಂತ ಯೋಚನೆ ಮಾಡಿದ್ಯಾ?"

ಐವಿ ಇಲ್ಲವೆಂದು ತಲೆಯಾಡಿಸಿದಳು.

"ಕುದುರೆ ಬಾಯಿ ಆಡೋದು ನೋಡಿದೆ. ನಾನೂ ಎಳೆದಿದ್ರೆ ಎರಡು ಬಾಯಿ, ಒಂದು ದನಿ. ಮಕ್ಕಳು ನಕ್ಕುಬಿಡ್ತಿದ್ರು, ಆಟ ಅಲ್ಲಿಗೇ ಕೆಡ್ತಿತ್ತು. ಅದಕ್ಕೇ ಬಿಗಿಯಾಗಿ ಹಿಡಿದು ಕೂತೆ. ನೀನು ಎಳೆದೆ, ನಾನು ಎಳೀಲಿಲ್ಲ. ಹಾಗಾಗಿ ಅದು ಮಾತಾಡ್ತು."

ಗಾರ್ಸೈಡ್ ರಟ್ಟನ್ನು ಪೆಟ್ಟಿಗೆಗೆ ಹಾಕಲೂ ಇಲ್ಲ, ಕೆಳಗಿಡಲೂ ಇಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂವರೆ ದಾಟಿತ್ತು. ಐದಕ್ಕೆ ದೇಶದ ಮಕ್ಕಳೆಲ್ಲ ಕುದುರೆಯ ಮಾತಿಗೆ ಕಾದು ಕೂತಿರುತ್ತಾರೆ. ಯಾರ ಮೇಲೆ ಸಿಟ್ಟು ಮಾಡಬೇಕೆಂಬುದನ್ನು ತೀರ್ಮಾನಿಸುವಷ್ಟು ಸಮಯ ಅವರಿಗಿರಲಿಲ್ಲ. ಮಿಸೆಸ್ ಸ್ಟಾಲರ್ಡ್ ಎಡಗಡೆಗೆ ಬರಲಿ ಎಂದರು. ಬಲಗಡೆ ಯಾರು ಎಂಬಲ್ಲಿಗೆ ಬಂದು ಮಾತು ನಿಂತಿತು.

"ಬಲಗಡೆ ಮಿಸ್ ಹೆಬ್ ಇಲ್ಲದಿದ್ರೆ ನಾನು ಎಡಗಡೆ ಕೂರಲ್ಲ," ಎಂದಳು ಐವಿ. ಅದನ್ನು ಬಸ್ಸಿನಲ್ಲಿ ಹೇಳಿಕೊಂಡಿರಲಿಲ್ಲ. ತಾನೇ ಬಂತು.

ಬಲಗಡೆಗಿರುವುದು ಮಫ್ಲಿಯ ಬಾಯಿ, ಗಾಡಿ ಎರಡೇ. ಮಾತೆಲ್ಲ ಕುದುರೆಗೆ ಹೋದ ಮೇಲೆ ಮಫ್ಲಿಗೆ ಕೆಲಸವೇನು ಎಂದು ಮಿಸ್ ಹೆಬ್ ಕೇಳಿದರು. ಅವನು ಪೂರ್ತಿ ನಿದ್ದೆಯೇ ಮಾಡಲಿ, ಗೊರಕೆ ಹೊಡೆಯಲಿ. ಗೊರಕೆಗೆ ಬಾಯಿ ಅದುರಿದರೆ ತಪ್ಪೇನು ಎಂದರು. ಗಾರ್ಸೈಡ್ ಪೆನ್ಸಿಲ್ ತೆಗೆದು ಬರೆದದ್ದರ ಮೇಲೆಲ್ಲ ಗೀಚತೊಡಗಿದರು. ನಾಲ್ಕೂ ಕಾಲಿನ ಹೊತ್ತಿಗೆ ಮಫ್ಲಿಯ ಹನ್ನೊಂದು ಮಾತು ಹೋಗಿ ಆರು ಗೊರಕೆ ಉಳಿದವು.

ಐದಕ್ಕೆ ಕೆಂಪು ದೀಪ ಹತ್ತಿತು. ಐವಿ ಎಡಗಡೆ ಕೂತಿದ್ದಳು. ಬೆರಳಲ್ಲಿ ಕಂದು ದಾರ, ಕಣ್ಣು ನೆಲದ ಮೇಲೆ, ಕಿವಿ ಮೂಲೆಯ ದನಿಯ ಮೇಲೆ. ಬಾರ್ಲೋ ಮೊದಲ ಬಾಗಿಲಿನ ಮುಂದೆ ನಿಂತು, ಇಲ್ಲಿ ಎರಡು ಬಾಟಲಿ, ಮಜ್ಜಿಗೆ ಬೇಡ, ನಾಯಿ ಒಳಗಿದೆ ಎಂದಿತು. ಗಾಡಿಯ ಮೇಲೆ ಮಫ್ಲಿಯ ತುಟಿ ನಡುಗಿ ಗೊರಕೆ ಬಂತು. ಮುಂದಿನ ಬಾಗಿಲಿಗೆ ಗಾಡಿ ಹೊರಟಿತು. ಐವಿಯ ಕೈಯಲ್ಲಿ ಆ ಗಾಡಿ ಮೂವತ್ತು ವಾರ ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತಿತ್ತು. ಈಗ ಮಿಸ್ ಹೆಬ್ ಕೈಯಲ್ಲಿ ತಡವರಿಸಿತು, ಕುಲುಕಿತು, ಒಂದು ಚಕ್ರ ಎದ್ದು ಬಿತ್ತು, ಬಾಟಲಿಗಳು ಒಂದಕ್ಕೊಂದು ತಾಗುವಂತೆ ಅಲುಗಿದವು. ಐವಿ ಕಣ್ಣಂಚಿನಲ್ಲಿ ಚಿಕ್ಕ ತೆರೆಯತ್ತ ನೋಡಿದಳು. ಕಲ್ಲುಹಾಸಿನ ಬೀದಿಯಲ್ಲಿ ತುಂಬಿದ ಹಾಲಿನ ಗಾಡಿಯೊಂದು ಹೋಗುತ್ತಿತ್ತು.

ದೀಪ ಆರಿದ ಮೇಲೆ ಗಾರ್ಸೈಡ್ ಬಂದು ಮೇಜಿನ ಬಲಪಕ್ಕದಲ್ಲಿ ನಿಂತರು. ಅವರಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಗಾಡಿಯನ್ನು ಹಾಗೆ ಓಡಿಸುವುದು ಹೇಗೆಂದು ಕೇಳಿದರು.

"ಹಾಗೆ ಓಡಿಸದೆ ಇರೋದು ಹೇಗೆ ಅಂತ ಕೇಳಿ," ಎಂದರು ಮಿಸ್ ಹೆಬ್. "ನಂಗೆ ಗೊತ್ತಿಲ್ಲದೆ ಇರೋದು ಅದೊಂದೇ."

ಗಾರ್ಸೈಡ್ ನಕ್ಕರು. ಐವಿ ನಗಲಿಲ್ಲ, ಅವಳ ಕಣ್ಣು ತುಂಬಿತ್ತು, ಅದನ್ನು ತೋಳಿನಿಂದ ಒರೆಸಿಕೊಂಡು ದಾರಗಳನ್ನು ಬಿಚ್ಚತೊಡಗಿದಳು.

ಆ ಧಾರಾವಾಹಿ ಇನ್ನೂ ಎರಡು ವರ್ಷ ನಡೆಯಿತು. ಕುದುರೆಗೆ ಮಾತು ಕೊಡುವ ಯೋಚನೆ ಹೇಗೆ ಹೊಳೆಯಿತೆಂದು ಪತ್ರಿಕೆಯವರು ಕೇಳಿದಾಗ ಗಾರ್ಸೈಡ್ ಸ್ನಾನ ಮಾಡುವಾಗ ಹೊಳೆಯಿತು ಎಂದರು. ಅದು ಅಚ್ಚಾಯಿತು. ಮಿಸ್ ಹೆಬ್ ಅದನ್ನು ಕತ್ತರಿಸಿ ದಾರಗಳ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರು. ಟೀ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದಿ, ಇವತ್ತು ಸ್ನಾನ ಆಯಿತೇ ಎಂದು ಗಾರ್ಸೈಡರನ್ನು ವಿಚಾರಿಸಿಕೊಳ್ಳುತ್ತಿದ್ದರು.

ಮಿಸ್ ಹೆಬ್ ಕೆಲಸ ಬಿಟ್ಟದ್ದು ಐವತ್ತೊಂಬತ್ತರ ಜೂನಿನಲ್ಲಿ. ಯಾರೂ ಬಿಡಿ ಎನ್ನಲಿಲ್ಲ. ಮಾರ್ಗೇಟಿನಲ್ಲಿ ತಂಗಿಯ ಮನೆಯ ಮಹಡಿ ಕೋಣೆ ಖಾಲಿಯಾಗಿತ್ತು, ಅಲ್ಲಿಂದ ಸಮುದ್ರ ಕಾಣುತ್ತಿತ್ತು. ಒಂದು ಸೋಮವಾರ ತಾಲೀಮು ಮುಗಿದ ಮೇಲೆ, ಮುಂದಿನ ವಾರದಿಂದ ನಾನು ಬರುವುದಿಲ್ಲ ಎಂದು ತಾವೇ ಹೇಳಿದರು. ಗಾರ್ಸೈಡ್ ಇನ್ನೊಂದು ತಿಂಗಳು ಇರಿ ಎಂದು ಎರಡು ಸಲ ಕೇಳಿಕೊಂಡರು. ಅವರು ಎರಡು ಸಲವೂ ಆಗುವುದಿಲ್ಲ ಎಂದರು.